ಟ್ರ್ಯಾಕ್ಟರ್ ಖರೀದಿ: ಬ್ರ್ಯಾಂಡ್‌ಗಿಂತ ಮೊದಲು ಡೀಲರ್ ನೋಡಿ ಎನ್ನುವುದೇಕೆ? ನಾಗ್ಪುರದ ಉದಾಹರಣೆ ಇಲ್ಲಿದೆ

ನಾಗ್ಪುರ: ಹೊಸ ಟ್ರ್ಯಾಕ್ಟರ್ ಕೊಳ್ಳುವಾಗ ಹೆಚ್ಚಿನವರು ಕೇಳುವುದು ಮೂರೇ ಪ್ರಶ್ನೆ. ಎಷ್ಟು ಎಚ್‌ಪಿ, ಎಷ್ಟು ಮೈಲೇಜ್, ಎಷ್ಟು ರಿಯಾಯಿತಿ? ಕೆಟ್ಟು ನಿಂತರೆ ಯಾರು ಬರುತ್ತಾರೆ ಎಂಬ ನಾಲ್ಕನೇ ಪ್ರಶ್ನೆ ನೆನಪಾಗುವುದು ಬಿತ್ತನೆಯ ದಿನ ಗಾಡಿ ಹೊಲದಲ್ಲೇ ನಿಂತಾಗ.

ಈ ಮಾತಿಗೆ ನಾಗ್ಪುರ ಒಳ್ಳೆಯ ಉದಾಹರಣೆ. ನಗರದ ಅಂಚಿನ ಹಿಂಗಣಾ ಎಂಐಡಿಸಿಯಲ್ಲಿ ಮಹೀಂದ್ರಾ ಕಂಪನಿಯ ಟ್ರ್ಯಾಕ್ಟರ್ ಕಾರ್ಖಾನೆಯೇ ಇದೆ. ಹಾಗೆಂದು ಕಾಟೋಲ್ ಅಥವಾ ಉಮರೇಡ್ ತಾಲೂಕಿನ ರೈತ ಕ್ಲಚ್ ಪ್ಲೇಟ್ ಹೋಯಿತೆಂದು ಕಾರ್ಖಾನೆಯ ಗೇಟಿಗೆ ಹೋಗುವಂತಿಲ್ಲ. ಗಾಡಿ ಕೊಡುವುದು, ಸರ್ವಿಸ್ ಮಾಡುವುದು, ವಾರಂಟಿ ಅರ್ಜಿ ಕಳಿಸುವುದು ಎಲ್ಲವೂ ಅಧಿಕೃತ ಡೀಲರ್ ಮೂಲಕವೇ. ಕಾರ್ಖಾನೆ ಪಕ್ಕದಲ್ಲಿರುವುದಕ್ಕಿಂತ ವರ್ಕ್‌ಶಾಪ್ ಪಕ್ಕದಲ್ಲಿರುವುದು ಮುಖ್ಯ.

ಹದ ಕಾಯುವುದಿಲ್ಲ

ವಿದರ್ಭದ ಮಣ್ಣು ನಮ್ಮ ಕಲಬುರಗಿ, ವಿಜಯಪುರದ ಎರೆ ಭೂಮಿಯಂಥದ್ದೇ. ಮಳೆ ಬಿದ್ದರೆ ಅಂಟು, ಒಣಗಿದರೆ ಬಿರುಕು. ಇವೆರಡರ ನಡುವೆ ಹದ ಸಿಗುವುದು ಕೆಲವೇ ದಿನ. ಹತ್ತಿ, ಸೋಯಾ, ತೊಗರಿ ಬಿತ್ತುವವರಿಗೆ ಆ ದಿನಗಳಲ್ಲಿ ಹೈಡ್ರಾಲಿಕ್ ಲಿಫ್ಟ್ ಕೈಕೊಟ್ಟು, ಬಿಡಿಭಾಗ ಬರಲು ವಾರ ಹಿಡಿದರೆ ಆ ಹಂಗಾಮಿನ ಲೆಕ್ಕವೇ ತಪ್ಪುತ್ತದೆ. ಬಾಡಿಗೆ ಟ್ರ್ಯಾಕ್ಟರ್ ತರೋಣವೆಂದರೆ ಹದ ಬಂದ ದಿನ ಊರಿನ ಎಲ್ಲರಿಗೂ ಅದೇ ಬೇಕು. ಖರೀದಿಯ ದಿನ ಸಿಕ್ಕ ರಿಯಾಯಿತಿ ಅಲ್ಲಿಗೇ ಕರಗುತ್ತದೆ.

ಕಾಟೋಲ್, ನರಖೇಡ್ ಭಾಗದ ಕಿತ್ತಳೆ ತೋಟದವರ ಕಥೆ ಸ್ವಲ್ಪ ಬೇರೆ. ಸಾಲುಗಳ ನಡುವೆ ನುಸುಳಲು ಅವರಿಗೆ ಅಗಲ ಕಡಿಮೆಯ ಸಣ್ಣ ಟ್ರ್ಯಾಕ್ಟರ್ ಬೇಕು. ಇಂಥ ಮಾದರಿ ಶೋರೂಮಿನಲ್ಲಿ ಕಂಡರೆ ಸಾಲದು. ಡೀಲರ್ ಈಗಾಗಲೇ ಎಷ್ಟು ಮಾರಿದ್ದಾರೆ, ಅದರ ಭಾಗಗಳನ್ನು ದಾಸ್ತಾನು ಇಟ್ಟಿದ್ದಾರೆಯೇ ಎಂದು ಕೇಳಲೇಬೇಕು.

ಎಚ್‌ಎಂಟಿ ನೆನಪಿದೆಯೇ?

ಕನ್ನಡಿಗರಿಗೆ ಎಚ್‌ಎಂಟಿ ಎಂದರೆ ಮೊದಲು ನೆನಪಾಗುವುದು ಕೈಗಡಿಯಾರ. ಅದೇ ಸಂಸ್ಥೆ 1971ರಲ್ಲಿ ಜೆಕೊಸ್ಲೊವಾಕಿಯಾದ ತಂತ್ರಜ್ಞಾನದೊಂದಿಗೆ ಹರಿಯಾಣದ ಪಿಂಜೋರ್‌ನಲ್ಲಿ ಟ್ರ್ಯಾಕ್ಟರ್ ತಯಾರಿಕೆಯನ್ನೂ ಆರಂಭಿಸಿತ್ತು. ಆ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ನೀಡಿತು. ಎಂಜಿನ್ ಎಷ್ಟೇ ಗಟ್ಟಿಯಿದ್ದರೂ ಕಂಪನಿ ಬಾಗಿಲು ಹಾಕಿದರೆ ಡೀಲರ್ ಜಾಲವೂ ಉಳಿಯುವುದಿಲ್ಲ. ಇನ್ನೊಂದೆಡೆ, 1965ರಲ್ಲಿ ಬಂದ ಮಹೀಂದ್ರಾ ಬಿ-275ರ ಹೆಸರಿನ ‘275’ ಇಂದಿಗೂ ಮಾರುಕಟ್ಟೆಯಲ್ಲಿದೆ. ಇಷ್ಟು ಹಳೆಯ ಸರಣಿಯಾದರೆ ಸಣ್ಣ ಪಟ್ಟಣದ ಮೆಕಾನಿಕ್‌ಗೂ ಕೈ ಪಳಗಿರುತ್ತದೆ. ಸೆಕೆಂಡ್‌ಹ್ಯಾಂಡ್ ಬೆಲೆ ಕಟ್ಟುವವರು ಇದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ಆದರೆ ಊರ ಮೆಕಾನಿಕ್ ಎಲ್ಲವನ್ನೂ ನಿಭಾಯಿಸುವ ಕಾಲ ಮುಗಿಯುತ್ತಿದೆ. 2023ರ ಜನವರಿ 1ರಿಂದ 50 ಎಚ್‌ಪಿಗಿಂತ ಹೆಚ್ಚಿನ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್-4 ಮಾಲಿನ್ಯ ನಿಯಮ ಜಾರಿಯಾಗಿದೆ. ಇವುಗಳ ಕಾಮನ್ ರೈಲ್ ಎಂಜಿನ್‌ನಲ್ಲಿ ಸೆನ್ಸರ್ ತೊಂದರೆ ಬಂದರೆ ಸ್ಪ್ಯಾನರ್‌ಗಿಂತ ಮೊದಲು ಸ್ಕ್ಯಾನಿಂಗ್ ಉಪಕರಣ ಬೇಕು. ದೊಡ್ಡ ಟ್ರ್ಯಾಕ್ಟರ್ ಕೊಳ್ಳುವವರು ಆ ಉಪಕರಣ ತಾಲೂಕು ಕೇಂದ್ರದ ಡೀಲರ್ ಬಳಿಯೇ ಇದೆಯೋ, ಜಿಲ್ಲಾ ಕೇಂದ್ರದಿಂದ ಬರಬೇಕೋ ಎಂದು ನೇರವಾಗಿ ಕೇಳಿ.

ಶೋರೂಮ್ ದಾಟಿ ಹಿಂದಕ್ಕೆ ಹೋಗಿ

ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ಟ್ರ್ಯಾಕ್ಟರ್‌ಗಳನ್ನು ಪರೀಕ್ಷಿಸಿ ವರದಿ ನೀಡುತ್ತದೆ. ಪಿಟಿಒ ಶಕ್ತಿ, ಡೀಸೆಲ್ ಬಳಕೆ, ಎತ್ತುವ ಸಾಮರ್ಥ್ಯ ಎಲ್ಲವೂ ಅದರಲ್ಲಿರುತ್ತದೆ. ಫೋನ್ ಮಾಡಿದ ಮೇಲೆ ಮೆಕಾನಿಕ್ ಎಷ್ಟು ಹೊತ್ತಿಗೆ ಬರುತ್ತಾನೆ ಎಂಬುದು ಮಾತ್ರ ಯಾವ ವರದಿಯಲ್ಲೂ ಸಿಗದು. ಅದನ್ನು ತಿಳಿಯಲು ಶೋರೂಮಿನ ಹಿಂಬದಿಯ ವರ್ಕ್‌ಶಾಪ್‌ಗೆ ಹೋಗಬೇಕು. ಮುಂಗಾರಿಗೆ ಸ್ವಲ್ಪ ಮುಂಚೆ ಹೋದರೆ ಇನ್ನೂ ಒಳ್ಳೆಯದು. ರಿಪೇರಿಗೆ ನಿಂತ ಗಾಡಿಗಳ ಮಾಲೀಕರನ್ನು ಮಾತನಾಡಿಸಿದರೆ ಮಾರಾಟ ಪ್ರತಿನಿಧಿ ಹೇಳದ ಸಂಗತಿಗಳೂ ಗೊತ್ತಾಗುತ್ತವೆ. ಡೀಲರ್ ಸಾಲ ಮಾಡಿಸಿಕೊಡುತ್ತೇನೆ ಎಂದರೆ ಬಡ್ಡಿ ದರವನ್ನು ನಿಮ್ಮ ಬ್ಯಾಂಕ್‌ನಲ್ಲೂ ಒಮ್ಮೆ ವಿಚಾರಿಸಿ. ಬೇಗ ಸಾಲ ಸಿಗುವುದೇ ಸೇವೆಯಲ್ಲ.

ಬೆಲೆಯ ವಿಷಯದಲ್ಲಿ 2025ರ ಸೆಪ್ಟೆಂಬರ್ 22ರಿಂದ ಸ್ವಲ್ಪ ನಿರಾಳ. ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ, ಟೈರ್ ಹಾಗೂ ಹಲವು ಬಿಡಿಭಾಗಗಳದ್ದು ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಬಿಡಿಭಾಗದ ಬಿಲ್ಲಿನಲ್ಲಿ ಈ ದರ ಇದೆಯೇ ಎಂದು ನೋಡಿಕೊಳ್ಳಿ.

ವಾರಂಟಿ ಉಳಿಯಬೇಕಾದರೆ ಸರ್ವಿಸ್ ತಪ್ಪಿಸಬಾರದು. ಸಾಮಾನ್ಯವಾಗಿ ಮೊದಲ ಸರ್ವಿಸ್ 50 ಗಂಟೆಯ ಆಸುಪಾಸಿನಲ್ಲಿರುತ್ತದೆ. ಪ್ರತಿ ಬಾರಿಯೂ ಪುಸ್ತಕದಲ್ಲಿ ಮೀಟರ್ ಗಂಟೆ ಬರೆಸಿ, ಮೊಹರು ಹಾಕಿಸಿ, ಜಾಬ್ ಕಾರ್ಡ್ ಪ್ರತಿ ಇಟ್ಟುಕೊಳ್ಳಿ. ಡೀಲರ್ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಟ್ರ್ಯಾಕ್ಟರ್ ಕೊಂಡದ್ದು ಪಕ್ಕದ ಜಿಲ್ಲೆಯಲ್ಲಾದರೂ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಲು ಅವಕಾಶವಿದೆ. ಇದಕ್ಕೆ 2 ವರ್ಷಗಳ ಗಡುವು ಇದೆ.