ಸೆರೆವಾಸ, ಮಂಗಳೂರು ಕಥೋಲಿಕರ
1784ರಲ್ಲಿ, ಬ್ರಿಟಿಷರ ಪಕ್ಷ ವಹಿಸಿದರೆಂಬ ಆರೋಪದ ಮೇಲೆ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಬಂಧಿತರಾದ ಕೆನರಾದ ಕೊಂಕಣಿ ಕಥೋಲಿಕರು ಘಟ್ಟವನ್ನೇರಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟು, 1799ರ ಮೇ 4ರಂದು ಆ ಕೋಟೆ ಪತನವಾಗುವವರೆಗೆ ಅನುಭವಿಸಿದ ಬಂಧನ. ಇವರ ಸಂಖ್ಯೆಯನ್ನು ಕುರಿತು ಇತಿಹಾಸಕಾರರಲ್ಲಿ ಐಕಮತ್ಯವಿಲ್ಲ. ಹಸಿವು, ವ್ಯಾಧಿ, ಮಾರ್ಗಾಯಾಸಗಳಿಂದ ಸಹಸ್ರಾರು ಜನ ಮಡಿದುದಂತೂ ನಿಶ್ಚಯ. ಅವರ ಧರ್ಮಗುರುಗಳು ಗಡೀಪಾರಾದರು; 1680ರಲ್ಲಿ ಸ್ಥಾಪಿತವಾಗಿದ್ದ ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ (ಚರ್ಚು) ನೆಲಸಮವಾಯಿತು. ಇಂತಹ ಘೋರ ವಿಪತ್ತಿನಲ್ಲಿಯೂ ಆರದೆ ಉಳಿದ ವಿಶ್ವಾಸವೇ ಬದುಕುಳಿದವರಿಗೆ ಶಾಂತಿಯನ್ನೂ ಭರವಸೆಯನ್ನೂ ನೀಡಿತೆಂಬುದಕ್ಕೆ, ಅವರು ಮರಳಿ ಬಂದು ಪರಹಸ್ತವಾಗಿದ್ದ ಹೊಲಗಳ ನಡುವೆ ಹೊಸದಾಗಿ ಬಾಳನ್ನಾರಂಭಿಸಿ ಇಗರ್ಜಿಗಳನ್ನು ಪುನಃ ಎತ್ತಿ ನಿಲ್ಲಿಸಿದುದಕ್ಕಿಂತ ಮಿಗಿಲಾದ ಸಾಕ್ಷ್ಯ ಬೇಕಿಲ್ಲ. ಆ ವಿಶ್ವಾಸವನ್ನು ಉಳಿಸಿಕೊಂಡಿರುವ ಅವರ ಸಂತತಿಯವರು ಇಂದಿಗೂ ಮರಿಯಮ್ಮನ ಜನ್ಮದಿನವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಆಶೀರ್ವದಿತವಾದ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಹಾಲಿನಲ್ಲಿ ಬೆರೆಸಿ ಹಂಚಿಕೊಳ್ಳುವರು. ದೂರದಲ್ಲಿರುವ ಬಂಧುಗಳಿಗೂ ಆ ಕಾಳುಗಳನ್ನು ಕಳುಹಿಸುವುದುಂಟು.