ಬಾಗಿಲು ತಿರುಗುವ ಬಗೆ



ಬಬ್ಬೂರಿನ ನಮ್ಮ ಹಳೆಯ ಮನೆಯನ್ನು ಕೆಡವಿದಾಗ ನನ್ನ ಪಾಲಿಗೆ ಬಂದದ್ದು ಗೋಡೆಗೂಡಿನ ಒಂದು ಬಾಗಿಲು. ಎರಡೂವರೆ ಅಡಿ ಎತ್ತರದ ಒಂದೇ ಬೇವಿನ ಹಲಗೆ. ಮಾರಿಕಣಿವೆಯ ಅಣೆಕಟ್ಟು 1907ರಲ್ಲಿ ಮುಗಿದ ಕೆಲವು ವರ್ಷಗಳ ಅನಂತರ ಆ ಮನೆ ಕಟ್ಟಿದ್ದೆಂದು ಅಜ್ಜ ಹೇಳುತ್ತಿದ್ದರು. ಆ ಬಾಗಿಲಿನ ಹಿಂದೆ ಅವರ ಗ್ರಂಥಗಳೂ ಅಜ್ಜಿಯ ಉಪ್ಪಿನಕಾಯಿ ಜಾಡಿಗಳೂ ಒಟ್ಟಿಗೆ ಸಂಸಾರ ಮಾಡಿದ್ದವು. ಅದನ್ನು ಹೊಸ ಪುಸ್ತಕದ ಬೀರುವಿಗೆ ಕೂಡಿಸಬೇಕೆಂದು ನಾನೇ ಉಳಿ, ಗರಗಸ ಹಿಡಿದೆ.

ತೊಡಕು ಬಂದದ್ದು ಕೀಲಿನಲ್ಲಿ. ಆ ಹಲಗೆಗೆ ಲೋಹದ ಕೀಲೇ ಇಲ್ಲ. ಒಂದು ಪಕ್ಕದ ಮೇಲೊಂದು, ಕೆಳಗೊಂದು ದುಂಡು ಗೂಟ. ಎರಡನ್ನೂ ಅದೇ ಮರದಲ್ಲಿ ಕೆತ್ತಿದ್ದಾರೆ. ಚೌಕಟ್ಟಿನ ಗುಳಿಗಳಲ್ಲಿ ಅವು ತಿರುಗುತ್ತವೆ. ಚಿತ್ರದುರ್ಗದ ಕೋಟೆಗೆ ಪ್ರವಾಸ ಹೋದಾಗಲೆಲ್ಲ ಹೆಬ್ಬಾಗಿಲ ಕಲ್ಲಿನಲ್ಲಿ ಕೊರೆದ ಇಂಥ ಗುಳಿಗಳನ್ನು ತೋರಿಸುತ್ತಿದ್ದೆನಲ್ಲ. ನಿಮ್ಮಲ್ಲಿ ಕೆಲವರು ಅವುಗಳೊಳಗೆ ಕೈಹಾಕಿ ನನ್ನಿಂದ ಬೈಸಿಕೊಂಡದ್ದೂ ಉಂಟು. ಆನೆ ತಡೆಯುವ ಕದಕ್ಕೂ ಉಪ್ಪಿನಕಾಯಿ ಗೂಡಿಗೂ ತತ್ತ್ವ ಒಂದೇ: ಭಾರವೆಲ್ಲ ಕೆಳಗಿನ ಗೂಟದ್ದು, ಮೇಲಿನದು ಬಾಗಿಲು ವಾಲದಂತೆ ಹಿಡಿಯುತ್ತದೆ.

ಎರಡು ಎಲೆಗಳ ಕೀಲು ಅಗ್ಗದ ಸರಕಾದದ್ದು ಬಹಳ ಈಚೆಗೆ. ಇಂಗ್ಲೆಂಡಿನಲ್ಲಿ ಎರಕದ ಕಬ್ಬಿಣದ ಕೀಲಿಗೆ ಪೇಟೆಂಟು ದೊರೆತದ್ದು 1775ರಲ್ಲಿ. ಅದನ್ನು ಬಿಗಿಯುವ ಚೂಪುಮೊನೆಯ ತಿರುಪುಮೊಳೆ ಯಂತ್ರದಲ್ಲಿ ರಾಶಿರಾಶಿಯಾಗಿ ತಯಾರಾದದ್ದು 19ನೆಯ ಶತಮಾನದ ನಡುವಿನಲ್ಲಿ. ಉತ್ತರ ಕರ್ನಾಟಕದವರು ಕೀಲನ್ನು 'ಬಿಜಾಗರಿ' ಎನ್ನುತ್ತಾರೆ. ಪೋರ್ಚುಗೀಸರ 'ಬಿಸಾಗ್ರ' ಮರಾಠಿಯ ಮೂಲಕ ನಡೆದುಬಂದ ದಾರಿ ಅದು.

ನಮ್ಮ ಬಡಗಿ ಬಂದು ನೋಡಿದವನೇ, "ಮೇಷ್ಟ್ರೇ, ಗೂಟ ಎರಡನ್ನೂ ಕೊಯ್ದುಹಾಕಿ, ಬಟ್ಟಲು ಕೀಲು ಕೂಡಿಸಿಬಿಡಿ" ಎಂದ. ಅವನ ಮಾತಿನಲ್ಲಿ ತಪ್ಪಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ಯುರೋಪಿನ ಹಲಗೆ ಕಪಾಟುಗಳೊಡನೆ ಬೆಳೆದ ಆ ಕೀಲು ಹೊರಗೆ ಕಾಣುವುದಿಲ್ಲ. 35 ಮಿಲಿಮೀಟರ್ ಅಗಲದ ಗುಂಡಿ ಕೊರೆದರೆ ಸಾಕು, ಬಾಗಿಲು ಸೊಟ್ಟಗಾದರೆ ತಿರುಪು ತಿರುಗಿಸಿ ಸರಿಪಡಿಸಬಹುದು. ನನ್ನ ಹಲಗೆ ಒಂದು ಅಂಗುಲ ದಪ್ಪ, ಗುಂಡಿಯನ್ನು ತಾಳುತ್ತಿತ್ತು. ಗರಗಸವನ್ನು ಗೂಟದ ಮೇಲೆ ಇಟ್ಟೂ ಆಯಿತು. ನೂರು ವರ್ಷ ತಿರುಗಿ ಗಾಜಿನಂತೆ ನುಣುಪಾಗಿದ್ದ ಆ ಗೂಟವನ್ನು ಬೆರಳಿನಿಂದ ಸವರಿದೆ. ಗರಗಸವನ್ನು ಗೋಡೆಗೆ ತೂಗುಹಾಕಿದೆ.

ಮರುದಿನ ಬೀರುವಿನ ಮೇಲೂ ಕೆಳಗೂ ತೇಗದ ಪಟ್ಟಿ ಹೊಡೆದು ಗುಳಿ ತೋಡಿದೆ. ಗುಟ್ಟಿರುವುದು ಮೇಲಿನ ಗುಳಿಯಲ್ಲಿ: ಅದು ಕೆಳಗಿನದಕ್ಕಿಂತ ಎರಡರಷ್ಟು ಆಳವಿರಬೇಕು. ಮೇಲಿನ ಗೂಟವನ್ನು ಪೂರ್ತಿ ಒಳಕ್ಕೆ ಎತ್ತಿ, ಕೆಳಗಿನದನ್ನು ಅದರ ಗುಳಿಗೆ ಇಳಿಸಿದರೆ ಬಾಗಿಲು ಕುಳಿತುಕೊಳ್ಳುತ್ತದೆ. ಎರಡು ಸಲ ತಪ್ಪಿತು, ಒಮ್ಮೆ ಹೆಬ್ಬೆರಳೂ ಜಜ್ಜಿತು.

ಜೋಡಿಯ ಇನ್ನೊಂದು ಕದ ತೇಗದ್ದು, ಹೊಸದು. ಅದಕ್ಕೆ ಮೂರು ಅಂಗುಲದ ಎರಡು ಹಿತ್ತಾಳೆ ಕೀಲು ಆರಿಸಿದೆ. ಎಲೆಗಳ ದಪ್ಪಕ್ಕೆ ತಕ್ಕಂತೆ ಮರವನ್ನು ಕೆತ್ತಿ ಕೂಡಿಸಿದೆ. ಹಿತ್ತಾಳೆ ತಿರುಪು ಮೆದು, ಬಲವಂತ ಮಾಡಿದರೆ ತಲೆ ಮುರಿಯುತ್ತದೆ. ಆದ್ದರಿಂದ ಮೊದಲು ಅದೇ ಅಳತೆಯ ಉಕ್ಕಿನ ತಿರುಪಿನಿಂದ ದಾರಿ ಮಾಡಿ, ಅದನ್ನು ತೆಗೆದು ಹಿತ್ತಾಳೆಯದನ್ನು ಬಿಗಿಯಬೇಕು. ಹಿರಿಯೂರು ಸೀಮೆಯ ಬೇಸಗೆಯಲ್ಲಿ ಮರ ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ. ಎರಡು ಕದಗಳ ನಡುವೆ ನಾಣ್ಯದ ದಪ್ಪದಷ್ಟು ಸಂದು ಬಿಟ್ಟಿದ್ದೇನೆ.

ಹೊಸ ಕದ ಸದ್ದಿಲ್ಲದೆ ತೆರೆಯುತ್ತದೆ. ಹಳೆಯದು ಅಜ್ಜನ ಕಾಲದಂತೆಯೇ ಕಿರುಗುಟ್ಟುತ್ತದೆ. ಒಂದು ಹನಿ ಹರಳೆಣ್ಣೆ ಬಿಡಿ ಎಂದು ಮನೆಯಾಕೆ ದಿನವೂ ಹೇಳುತ್ತಾಳೆ. ನಾನಿನ್ನೂ ಬಿಟ್ಟಿಲ್ಲ.