ಕನ್ನಡ ಅಚ್ಚಕ್ಷರದಲ್ಲಿ ದಪ್ಪ ಮತ್ತು ಓರೆ ಶೈಲಿ

ಗೆರೆಗಳ ತುದಿಯಲ್ಲಿ ಹಲಗೆಯಂಥ ಚೌಕ ಅಡ್ಡಪಟ್ಟಿಗಳಿರುವ ರೋಮನ್ ಅಚ್ಚಕ್ಷರಕ್ಕೆ ಸ್ಲ್ಯಾಬ್ ಸೆರಿಫ್ ಎಂದು ಹೆಸರು. ಲಂಡನ್ನಿನ ವಿನ್ಸೆಂಟ್ ಫಿಗಿನ್ಸ್ 19ನೆಯ ಶತಮಾನದ ಎರಡನೆಯ ದಶಕದಲ್ಲಿ ಹೊರತಂದ ಈ ಬಗೆಯ ಮೊಳೆಗಳು ಜಾಹೀರಾತು, ಭಿತ್ತಿಪತ್ರಗಳಲ್ಲಿ ಬೇಗನೆ ಬಳಕೆಗೆ ಬಂದವು. ಬಲಕ್ಕೆ ವಾಲಿದ ಇಟಾಲಿಕ್ ಅಕ್ಷರವಾದರೋ ವೆನಿಸ್ಸಿನ ಆಲ್ಡಸ್ ಮನುಟಿಯಸ್ 1501ರಲ್ಲಿ ಅಚ್ಚಿಸಿದ ವರ್ಜಿಲ್ ಕೃತಿಯಿಂದ ಪ್ರಚಾರ ಪಡೆಯಿತು. ದಪ್ಪ, ಓರೆ, ಅಡ್ಡಪಟ್ಟಿ ಮೂರೂ ಕೂಡಿದ ಶೈಲಿಯು ದೀರ್ಘ ಓದಿಗಿಂತ ಶೀರ್ಷಿಕೆ, ಫಲಕ, ಒತ್ತಿ ಹೇಳಬೇಕಾದ ಮಾತುಗಳಿಗೆ ಒದಗುತ್ತದೆ.

ಕನ್ನಡ ಮುದ್ರಣದ ಇತಿಹಾಸದಲ್ಲಿ ಸೆರಾಂಪುರದಿಂದ 1817ರಲ್ಲಿ ಬಂದ ವಿಲಿಯಂ ಕೇರಿಯವರ ವ್ಯಾಕರಣ, 1843ರಲ್ಲಿ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’, ಮಂಗಳೂರಿನ ಬಾಸೆಲ್ ಮಿಶನ್ನಿನಿಂದ 1894ರಲ್ಲಿ ಹೊರಬಂದ ಕಿಟ್ಟೆಲ್ ನಿಘಂಟು ಎಲ್ಲರೂ ಬಲ್ಲ ಘಟ್ಟಗಳು. ಗೊಂದಲ ಉಳಿದಿರುವುದು ರೋಮನ್ ಅಕ್ಷರದ ಈ ಗುಣಗಳು ಕನ್ನಡಕ್ಕೆ ಎಷ್ಟರ ಮಟ್ಟಿಗೆ ಹೊಂದುತ್ತವೆ ಎಂಬಲ್ಲಿ.

ಕನ್ನಡದ ತಲೆಕಟ್ಟನ್ನು ಸೆರಿಫ್‌ಗೆ, ಎಂದರೆ ಗೆರೆಯ ತುದಿಯ ಅಡ್ಡಪಟ್ಟಿಗೆ, ಸಮವೆಂದು ಎಣಿಸುವುದುಂಟು, ಇದು ಸರಿಯಲ್ಲ. ಸೆರಿಫ್ ತೆಗೆದರೂ ರೋಮನ್ ಅಕ್ಷರ ಅದೇ ಅಕ್ಷರವಾಗಿ ಉಳಿಯುತ್ತದೆ, ಆದರೆ ಕಾಗುಣಿತದಲ್ಲಿ ತಲೆಕಟ್ಟು ಅಕಾರದ ಗುರುತು. ಗುಡಿಸು ಅಥವಾ ಏತ್ವ ಬಂದಾಗ ಅದು ಜಾಗ ಬಿಟ್ಟುಕೊಡುತ್ತದೆ. ಆದ್ದರಿಂದ ತಲೆಕಟ್ಟಿನ ತುದಿಯನ್ನು ಚೌಕವಾಗಿಸಿದ ಕನ್ನಡ ಅಕ್ಷರ ಸ್ಲ್ಯಾಬ್‌ನ ಗಟ್ಟಿತನವನ್ನು ನೆನಪಿಸೀತೇ ಹೊರತು ಅದರ ರಚನೆಯನ್ನು ಪಡೆಯಲಾರದು.

ಗಣಕ ಬಂದ ಮೇಲೆ ತೊಡಕು ಹೆಚ್ಚಿತು. ಓರೆ ಶೈಲಿಯಿಲ್ಲದ ಫಾಂಟಿಗೆ ಇಟಾಲಿಕ್ ಗುಂಡಿ ಒತ್ತಿದಾಗ ತಂತ್ರಾಂಶವು ನೇರ ಅಕ್ಷರವನ್ನೇ ಓರೆಯಾಗಿಸುತ್ತದೆ. ಪಾದರೇಖೆಯ ಮೇಲಿನ ಭಾಗ ಬಲಕ್ಕೂ ಕೆಳಗಿನ ಭಾಗ ಎಡಕ್ಕೂ ಸರಿಯುವುದರಿಂದ ಗುಡಿಸು ಮುಂದಿನ ಅಕ್ಷರದ ಕಡೆಗೆ ಬಾಗುತ್ತದೆ, ಒತ್ತಕ್ಷರ ತನ್ನ ಮೂಲಾಕ್ಷರದ ಬಲಬದಿ ಬಿಟ್ಟು ಹಿಂದಕ್ಕೆ ಜಾರುತ್ತದೆ. ಕೃತಕವಾಗಿ ದಪ್ಪ ಮಾಡಿದಾಗ ಹಾನಿ ಇನ್ನೂ ದೊಡ್ಡದು: ಗೆರೆ ಎಲ್ಲ ಕಡೆಗೂ ಉಬ್ಬಿ ಒಳಗಿನ ಬಯಲು ಮುಚ್ಚಿಹೋದರೆ ‘ಠ’ಕಾರದ ಚುಕ್ಕೆ ಕರಗಿ ‘ರ’ದಂತೆ ಕಾಣುತ್ತದೆ, ‘ಧ’ದ ಅಡಿಯ ಸೀಳು ಮಸುಕಾಗಿ ‘ದ’ ಆಗುತ್ತದೆ. ಸಣ್ಣ ಅಳತೆಯ ಪಠ್ಯಪುಸ್ತಕದಲ್ಲಿ ಇದು ಅಂದದ ಪ್ರಶ್ನೆಯಲ್ಲ, ಮಗು ಓದುವ ಪದದ ಪ್ರಶ್ನೆ.

1998ರಲ್ಲಿ ಬಂದ ‘ಬರಹ’ ಮತ್ತು ಅನಂತರದ ‘ನುಡಿ’ ತಂತ್ರಾಂಶಗಳು ಕನ್ನಡ ಬೆರಳಚ್ಚನ್ನು ಮನೆಮನೆಗೆ ಮುಟ್ಟಿಸಿದವು. ದಪ್ಪವನ್ನು ಗೆರೆ ಉಬ್ಬಿಸಿ ಪಡೆಯದೆ ಬೇರೆಯಾಗಿಯೇ ಬಿಡಿಸುವ ಪದ್ಧತಿ ಯೂನಿಕೋಡ್ ಫಾಂಟುಗಳಲ್ಲಿ ನೆಲೆಗೊಂಡಿದೆ: ನೋಟೋ ಸೆರಿಫ್ ಕನ್ನಡ ತೀರ ತೆಳುವಿನಿಂದ ಕಡುದಪ್ಪದವರೆಗೆ ಒಂಬತ್ತು ಶೈಲಿಗಳಲ್ಲಿ ಸಿಗುತ್ತದೆ, ಓರೆ ಮಾತ್ರ ಇಲ್ಲ. ಟೈರೋ ಕನ್ನಡದಲ್ಲಿ ನೇರ ಮತ್ತು ಓರೆ ಎರಡೂ ಇವೆ, ದಪ್ಪವಿಲ್ಲ. ಈ ಎರಡು ಬಳಗಗಳ ಮಟ್ಟಿಗೆ ದಪ್ಪ ಮತ್ತು ಓರೆ ಒಂದೇ ಕಡೆ ಕೂಡಿಲ್ಲವಾದ್ದರಿಂದ, ಒತ್ತಿ ಹೇಳಬೇಕಾದ ಕನ್ನಡ ಪದಕ್ಕೆ ನಿಜವಾಗಿ ಬಿಡಿಸಿದ ದಪ್ಪ ಶೈಲಿಯೇ ಇಂದಿಗೂ ಸುರಕ್ಷಿತ ಆಯ್ಕೆ.